ಜೇನಂಟಿನ ಮದ್ದು: ಯಾವ ಮರದ್ದು ಎಂದು ಮೊದಲು ಕೇಳಬೇಕು

ಹಳೆಯ ಮಣ್ಣಿನ ಗೋಡೆಯ ಬಿರುಕಿನಲ್ಲಿ ಮನೆ ಮಾಡಿಕೊಂಡ, ಕುಟುಕದ ಪುಟ್ಟ ಮುಜಂಟಿ ಜೇನನ್ನು ಪೆಟ್ಟಿಗೆಗೆ ಇಳಿಸಲು ಹೋದವರ ಕೈಗೆ ಮೊದಲು ಸಿಗುವುದು ತುಪ್ಪವಲ್ಲ, ಅಂಟು. ಹೊರಗೆ ಚಾಚಿಕೊಂಡ ಕಂದು ಬಣ್ಣದ ಪುಟ್ಟ ಕೊಳವೆಯಲ್ಲಿ ಇರುವುದು ಅದೇ, ಒಳಗಿನ ಸಂದುಗೊಂದುಗಳನ್ನು ಮುಚ್ಚಿದ ಗಾರೆಯೂ ಅದೇ, ತುಪ್ಪ ತುಂಬಿದ ಪುಟಾಣಿ ಕುಡಿಕೆಗಳ ಗೋಡೆಯಲ್ಲಿ ಮೇಣದೊಂದಿಗೆ ಬೆರೆತಿರುವುದೂ ಅದೇ. ಹಲಸಿನ ಹಣ್ಣು ಬಿಡಿಸುವವರಂತೆ ಕೈಗೆ ಮೊದಲೇ ಎಣ್ಣೆ ಸವರಿಕೊಳ್ಳದಿದ್ದರೆ ಬೆರಳಿಗೆ ಬೆರಳು ಅಂಟಿಕೊಳ್ಳುತ್ತದೆ. ಮೂಗಿನ ಹತ್ತಿರ ಹಿಡಿದರೆ ರಾಳದ ಘಮ ಬರುತ್ತದೆ. ಇದೇ ಬಗೆಯ ಅಂಟು ಮದ್ಯಸಾರದಲ್ಲಿ ಕರಗಿ, ಪುಟ್ಟ ಬಾಟಲಿಯೊಳಗೆ ಸೇರಿ, ‘ಪ್ರೊಪೋಲಿಸ್’ ಎಂಬ ಹೆಸರಿನಲ್ಲಿ ಗಂಟಲು ನೋವಿನಿಂದ ಸಕ್ಕರೆ ಕಾಯಿಲೆಯವರೆಗೆ ಎಲ್ಲಕ್ಕೂ ಮದ್ದೆಂದು ಮಾರಾಟವಾಗುತ್ತಿದೆ.

ಮೇಣದಂತೆ, ರಾಯಲ್ ಜೆಲ್ಲಿಯಂತೆ ಇದು ಜೇನುನೊಣದ ಗ್ರಂಥಿಗಳಲ್ಲಿ ಹುಟ್ಟುವ ವಸ್ತುವಲ್ಲ. ಗಿಡಮರಗಳು ತಮ್ಮ ಎಳೆ ಮೊಗ್ಗುಗಳನ್ನು ಕೀಟ ಮತ್ತು ಶಿಲೀಂಧ್ರಗಳಿಂದ ಕಾಪಾಡಿಕೊಳ್ಳಲು, ತೊಗಟೆಯ ಗಾಯವನ್ನು ಮುಚ್ಚಿಕೊಳ್ಳಲು ಸ್ರವಿಸುವ ರಾಳವನ್ನು ನೊಣ ದವಡೆಯಿಂದ ಕಚ್ಚಿ ತೆಗೆದು, ಪರಾಗವನ್ನು ಹೊರುವ ಹಿಂಗಾಲಿನ ಬುಟ್ಟಿಯಲ್ಲೇ ಅದನ್ನೂ ಹೊತ್ತು ತರುತ್ತದೆ. ಅಂಟು ಎಷ್ಟು ಗಟ್ಟಿಯೆಂದರೆ, ತಂದ ನೊಣಕ್ಕೆ ಅದನ್ನು ತಾನೇ ಇಳಿಸಿಕೊಳ್ಳಲಾಗದು. ಗೂಡಿನ ಇನ್ನೊಂದು ನೊಣ ಬಂದು ಬಾಯಿಯಿಂದ ಎಳೆದು ಬಿಡಿಸಬೇಕು. ಆಮೇಲೆ ಮೇಣ ಬೆರೆತು ಪ್ರೊಪೋಲಿಸ್ ಆಗುತ್ತದೆ. ಯುರೋಪಿನ ಮಾದರಿಗಳಲ್ಲಿ ಸುಮಾರು ಅರ್ಧ ಭಾಗ ರಾಳ, ಶೇ. 30ರಷ್ಟು ಮೇಣ, ಶೇ. 10ರಷ್ಟು ಸುಗಂಧ ತೈಲ ಇರುತ್ತವೆ. ಉಳಿದದ್ದು ಪರಾಗ ಮತ್ತಿತರ ಚೂರುಪಾರು.

ನೊಣಗಳಿಗೆ ಇದು ಬರಿಯ ಗಾರೆಯಲ್ಲ. ಗೂಡಿನೊಳಗೆ ನುಗ್ಗಿ ಸತ್ತ ಇಲಿಯನ್ನು ಹೊರಗೆ ಎಳೆದು ಹಾಕುವ ಶಕ್ತಿಯಿಲ್ಲದಾಗ ಅವು ಅದರ ಮೈಗೆಲ್ಲ ಈ ಅಂಟನ್ನು ಬಳಿದು, ಕೊಳೆತು ನಾರದಂತೆ ಮಾಡಿಬಿಡುತ್ತವೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಮಾರ್ಲಾ ಸ್ಪೀವಾಕ್ ಅವರ ತಂಡ ಪೆಟ್ಟಿಗೆಯ ಒಳಮೈಗೆ ಪ್ರೊಪೋಲಿಸ್ ಸಾರವನ್ನು ಬಳಿದು ನೋಡಿತು. ಅಂತಹ ಪೆಟ್ಟಿಗೆಯಲ್ಲಿ ಬೆಳೆದ ಎಳೆಯ ನೊಣಗಳ ಮೈಯಲ್ಲಿ ಬ್ಯಾಕ್ಟೀರಿಯಾಗಳ ಹೊರೆ ಕಡಿಮೆಯಿತ್ತು, ಅವುಗಳ ರೋಗನಿರೋಧಕ ವ್ಯವಸ್ಥೆಯೂ ಸದಾ ದುಡಿಯಬೇಕಾದ ಒತ್ತಡದಿಂದ ಪಾರಾಗಿತ್ತು ಎಂದು 2009ರ ವರದಿ ಹೇಳಿತು. ಮರಿಗಳನ್ನು ಸುಣ್ಣದ ಕಡ್ಡಿಯಂತೆ ಬಿಳಿಚಿ ಗಟ್ಟಿಯಾಗಿಸುವ ಶಿಲೀಂಧ್ರ ರೋಗವನ್ನು ಗೂಡಿಗೆ ಸೋಂಕಿಸಿದಾಗ ನೊಣಗಳು ಮೊದಲಿಗಿಂತ ಹೆಚ್ಚು ರಾಳ ತಂದವೆಂದು ಅದೇ ತಂಡ 2012ರಲ್ಲಿ ತೋರಿಸಿತು. ಚೌಕಟ್ಟುಗಳು ಅಂಟಿಕೊಳ್ಳುತ್ತವೆಂಬ ಕಿರಿಕಿರಿಗೆ ಈ ಅಂಟನ್ನು ಕೆರೆದು ಎಸೆಯುತ್ತ ಬಂದ ಜೇನು ಸಾಕಣೆಗಾರರು ಗೂಡಿನ ಔಷಧಿ ಪೆಟ್ಟಿಗೆಯನ್ನೇ ಬರಿದು ಮಾಡುತ್ತಿದ್ದರು ಎನ್ನಬೇಕು. ಆದರೆ ಇಲ್ಲೊಂದು ಸೂಕ್ಷ್ಮವಿದೆ: ನೊಣಗಳು ಇದನ್ನು ನುಂಗುವುದಿಲ್ಲ, ಗೋಡೆಗೆ ಬಳಿಯುತ್ತವೆ. ಮನುಷ್ಯ ಮಾತ್ರ ಕ್ಯಾಪ್ಸೂಲ್ ಮಾಡಿ ನುಂಗುತ್ತಾನೆ.

ಇನ್ನು ಮರದ ಮಾತು. ಯುರೋಪಿನ ನೊಣಗಳು ಹೆಚ್ಚಾಗಿ ಪಾಪ್ಲಾರ್ ಮರದ ಮೊಗ್ಗಿನಿಂದ ರಾಳ ತರುತ್ತವೆ. ಅದರಲ್ಲಿ ಪಿನೋಸೆಂಬ್ರಿನ್, ಗ್ಯಾಲಂಜಿನ್, ಕ್ರೈಸಿನ್ ಮುಂತಾದ, ಫ್ಲೇವನಾಯ್ಡ್‌ ಎಂಬ ಸಸ್ಯ ರಾಸಾಯನಿಕಗಳು ಮುಖ್ಯ. ಬ್ರೆಜಿಲ್‌ನ ಹಸಿರು ಪ್ರೊಪೋಲಿಸ್ ಬ್ಯಾಕರಿಸ್ ಎಂಬ ಪೊದೆಯ ಚಿಗುರಿನದು; ಅದರ ಹೆಗ್ಗುರುತು ಆರ್ಟೆಪಿಲಿನ್-ಸಿ ಎಂಬ ರಾಸಾಯನಿಕ, ಅದು ಪಾಪ್ಲಾರ್ ಅಂಟಿನಲ್ಲಿ ಇರುವುದಿಲ್ಲ. ಅದೇ ದೇಶದ ಕರಾವಳಿಯ ಕೆಂಪು ಪ್ರೊಪೋಲಿಸ್ ಬೀಟೆಯ ಕುಲಕ್ಕೆ ಸೇರಿದ ಇನ್ನೊಂದು ಗಿಡದಿಂದ ಬಂದದ್ದು. ಹೆಸರು ಒಂದೇ, ವಸ್ತುಗಳು ಬೇರೆ ಬೇರೆ. ನಮ್ಮಲ್ಲಿ ಯಾವುದು ಎಂದರೆ, ಮಲೆನಾಡಿನ ಪೆಟ್ಟಿಗೆಗಳಲ್ಲಿ ಸಾಕುವ ತುಡುವೆ ಜೇನು ರಾಳದ ಗೊಡವೆಗೇ ಹೋಗುವುದಿಲ್ಲ. ಕೋಲುಜೇನು ಇರುವೆ ಹತ್ತದಂತೆ ಗೂಡಿನ ಎರಡೂ ಪಕ್ಕದ ಕೊಂಬೆಗೆ ಅಂಟಿನ ಪಟ್ಟಿ ಸುತ್ತುತ್ತದೆ. ಧಾರಾಳವಾಗಿ ಬಳಸುವುದು ಮುಜಂಟಿ ಮತ್ತು ಹೊರಗಿನಿಂದ ಬಂದ ಮೆಲ್ಲಿಫೆರಾ ಎಂಬ ಯುರೋಪಿನ ಜೇನು. ಹಾಗಾಗಿ ಬ್ರೆಜಿಲ್‌ನಲ್ಲಿ ನಡೆದ ಪ್ರಯೋಗದ ಫಲವನ್ನು ಇಲ್ಲಿನ ಬಾಟಲಿಯ ಮೇಲೆ ಅಚ್ಚು ಹಾಕಿಸುವುದು ಮಾವಿನ ಗುಣವನ್ನು ಹುಣಸೆಗೆ ಹಚ್ಚಿದಂತೆ.

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಪ್ರೊಪೋಲಿಸ್ ಸಾರ ಬ್ಯಾಕ್ಟೀರಿಯಾಗಳನ್ನು, ಅದರಲ್ಲೂ ಸ್ಟೆಫೈಲೊಕಾಕಸ್‌ನಂತಹ ಗ್ರಾಂ-ಪಾಸಿಟಿವ್ ಬಗೆಯವನ್ನು, ತಡೆಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ನುಂಗಿದ ಮೇಲೆ ಫ್ಲೇವನಾಯ್ಡ್‌ಗಳಲ್ಲಿ ಬಹುಪಾಲು ಕರುಳು ಮತ್ತು ಯಕೃತ್ತಿನಲ್ಲಿ ರೂಪ ಬದಲಿಸಿಕೊಳ್ಳುತ್ತವೆ. ತಟ್ಟೆಯಲ್ಲಿ ಇದ್ದ ಸಾಂದ್ರತೆ ರಕ್ತದಲ್ಲಿ ಸಿಗುವುದಿಲ್ಲ. ಆದ್ದರಿಂದಲೇ ನೇರವಾಗಿ ಹಚ್ಚುವ, ಮುಕ್ಕಳಿಸುವ ಬಳಕೆಗಳಲ್ಲಿ ಫಲಿತಾಂಶ ತುಸು ಆಶಾದಾಯಕವಾಗಿರುವುದು ಆಶ್ಚರ್ಯವಲ್ಲ: ತುಟಿಯ ಹರ್ಪಿಸ್ ಗುಳ್ಳೆಗೆ ಮುಲಾಮಾಗಿ, ಕೀಮೋಥೆರಪಿ ಪಡೆಯುವವರ ಬಾಯಿಹುಣ್ಣಿಗೆ ಮುಕ್ಕಳಿಸುವ ದ್ರವವಾಗಿ. ಎರಡನೇ ಬಗೆಯ ಮಧುಮೇಹದಲ್ಲಿ ಬರಿಹೊಟ್ಟೆಯ ಸಕ್ಕರೆ ಸ್ವಲ್ಪ ಇಳಿದದ್ದನ್ನು ಕೆಲವು ಸಣ್ಣ ಅಧ್ಯಯನಗಳು ದಾಖಲಿಸಿವೆ. ಔಷಧಿ ಬಿಟ್ಟು ಇದನ್ನು ಹಿಡಿಯುವಷ್ಟು ದೊಡ್ಡ ಇಳಿಕೆಯಲ್ಲ.

ಹೆಚ್ಚು ಸುದ್ದಿ ಮಾಡಿದ್ದು ಕೋವಿಡ್ ಕಾಲದ ಪ್ರಯೋಗ. ಬ್ರೆಜಿಲ್‌ನ ಸಾಲ್ವಡೋರ್ ನಗರದ ಆಸ್ಪತ್ರೆಯೊಂದರಲ್ಲಿ 124 ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆ 400 ಮಿಲಿಗ್ರಾಂ, ಕೆಲವರಿಗೆ 800 ಮಿಲಿಗ್ರಾಂ ಹಸಿರು ಪ್ರೊಪೋಲಿಸ್ ಕೊಟ್ಟರು. ಅವರು 7 ಮತ್ತು 6 ದಿನಕ್ಕೆ ಮನೆಗೆ ಹೋದರೆ, ಬರಿಯ ರೂಢಿಯ ಚಿಕಿತ್ಸೆ ಪಡೆದವರು 12 ದಿನ ಉಳಿದರು. ಇಷ್ಟನ್ನೇ ಜಾಹೀರಾತುಗಳು ಹೇಳುತ್ತವೆ. ಯಾರಿಗೆ ಏನು ಕೊಡಲಾಗುತ್ತಿದೆ ಎಂಬುದು ವೈದ್ಯರಿಗೂ ರೋಗಿಗಳಿಗೂ ಗೊತ್ತಿತ್ತು, ಆಮ್ಲಜನಕದ ಅಗತ್ಯದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ ಎಂಬ ಮಾತುಗಳೂ ಅದೇ ವರದಿಯಲ್ಲಿವೆ. ರೋಗಿಯನ್ನು ಯಾವಾಗ ಬಿಡುಗಡೆ ಮಾಡಬೇಕೆಂದು ನಿರ್ಧರಿಸುವವರೇ ವೈದ್ಯರಾದ್ದರಿಂದ ಈ ಕೊರತೆ ಸಣ್ಣದಲ್ಲ. ಐರೋಪ್ಯ ಒಕ್ಕೂಟದ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಪ್ರೊಪೋಲಿಸ್ ಕುರಿತ ಆರೋಗ್ಯದ ಹೇಳಿಕೆಗಳನ್ನು ಒಪ್ಪದೆ ಹೋದಾಗಲೂ, ವಸ್ತು ಏನೆಂಬುದೇ ಸಾಕಷ್ಟು ಖಚಿತವಾಗಿಲ್ಲ ಎಂಬ ಕಾರಣ ಮುಂದಿತ್ತು.

ಅಪಾಯದ ವಿಷಯದಲ್ಲಿ ಇಷ್ಟು ಗೊಂದಲವಿಲ್ಲ. ಪಾಪ್ಲಾರ್ ಅಂಟಿನಲ್ಲಿರುವ ಕೆಫೇಟ್ ಎಂಬ ರಾಸಾಯನಿಕಗಳು ಕೆಲವರ ಚರ್ಮದಲ್ಲಿ ಅಲರ್ಜಿ ಎಬ್ಬಿಸುತ್ತವೆ. ಜೇನು ಸಾಕುವವರ ಕೈಯಲ್ಲಿ ಇಸುಬಿನಂತೆ ಕಾಣಿಸಿಕೊಳ್ಳುವ ಈ ತುರಿಕೆ ಚರ್ಮವೈದ್ಯರಿಗೆ ಹಳೆಯ ಪರಿಚಯ. ಪರಿಸರದ ಸೀಸವೂ ಕೆಲವು ಮಾದರಿಗಳಲ್ಲಿ ಸಿಕ್ಕಿದೆ. ಹನಿ ಮದ್ದಿನಲ್ಲಿ ಮದ್ಯಸಾರ ಇರುವುದನ್ನು ಮಕ್ಕಳಿಗೆ ಕೊಡುವವರು ಗಮನಿಸಬೇಕು. ತುಟಿ ಒಡೆದಿದೆಯೆಂದು ಪ್ರೊಪೋಲಿಸ್ ಇರುವ ಮುಲಾಮು ಹಚ್ಚಿ, ಅದರಿಂದಲೇ ತುಟಿ ಕೆಂಪಾಗಿ ಬಿರಿದು, ಇನ್ನೂ ಗುಣವಾಗಿಲ್ಲವಲ್ಲ ಎಂದು ಅದನ್ನೇ ಮತ್ತಷ್ಟು ದಪ್ಪವಾಗಿ ಹಚ್ಚುತ್ತ ಹೋಗುವವರಿದ್ದಾರೆ. ಅಂಥವರಿಗೆ ವೈದ್ಯರು ಅನುಮಾನದ ವಸ್ತುಗಳನ್ನು ಚುಕ್ಕೆಚುಕ್ಕೆಯಾಗಿ ಇಟ್ಟ ಪಟ್ಟಿಯನ್ನು ಬೆನ್ನಿನ ಮೇಲೆ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು, ಯಾವ ಚುಕ್ಕೆ ಕೆಂಪಾಗಿದೆಯೆಂದು ನೋಡುತ್ತಾರೆ.