ಎರೆಹುಳುವಿನ ಗುರುತು ಬಣ್ಣದಲ್ಲಿಲ್ಲ, ಉಂಗುರದ ಲೆಕ್ಕದಲ್ಲಿದೆ

ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಿಪ್ಪುನೇರಳೆ ತೋಟದ ಎರೆಗೊಬ್ಬರದ ತೊಟ್ಟಿಗೆ ಕೈ ಹಾಕಿದರೆ ಸಿಗುವ ಕೆನ್ನೇರಳೆ ಹುಳುವಿಗೆಲ್ಲ 'ಆಫ್ರಿಕಾ ಹುಳು' ಎಂದುಬಿಡುವುದುಂಟು. ಅದು ನಿಜವಾದ ಆಫ್ರಿಕಾ ಹುಳು ಯೂಡ್ರಿಲಸ್ ಯೂಜೀನಿಯೆ ಇರಬಹುದು, ಬೇರೆಯೇ ಜಾತಿಯ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಕೂಡ ಇರಬಹುದು. ಎರಡೂ ಕಡುಬಣ್ಣದವು, ಬಿಸಿಲಿಗೆ ಹಿಡಿದರೆ ಎರಡೂ ಮಿರುಗುತ್ತವೆ. ಉದ್ದವಂತೂ ಮೈ ಚಾಚಿದಾಗ ಒಂದು, ಮುದುಡಿದಾಗ ಇನ್ನೊಂದು. ಬಾಲ ತುಂಡಾಗಿದ್ದರೆ ಕೇಳುವುದೇ ಬೇಡ.

ಮೊದಲು ಬೆಳೆದ ಹುಳುವನ್ನೇ ಆರಿಸಿ. ಮುಂಭಾಗದಲ್ಲಿ ದಪ್ಪ ಪಟ್ಟಿ, ಅಂದರೆ ಕ್ಲೈಟೆಲ್ಲಮ್, ಇಲ್ಲದಿದ್ದರೆ ಅದು ಮರಿ. ಹೆಸರಿಡುವ ಗೋಜಿಗೆ ಹೋಗದೆ ಮಣ್ಣಿಗೆ ಬಿಡಿ. ಜೀವಂತವಿದ್ದಾಗಲೇ ಬಣ್ಣ ಬರೆದಿಟ್ಟುಕೊಳ್ಳಿ, ಆಮೇಲೆ ಅದು ಮಾಸುತ್ತದೆ. ನೀರಿನಲ್ಲಿ ತೊಳೆದು, ಶೇ. 10ರಷ್ಟು ತೆಳು ಆಲ್ಕೋಹಾಲ್‌ನಲ್ಲಿ ಹುಳು ಅಲುಗಾಡದಂತಾಗುವ ತನಕ ಬಿಟ್ಟು, ತಟ್ಟೆಯಲ್ಲಿ ನೇರವಾಗಿ ಮಲಗಿಸಬೇಕು. ಆತುರಪಟ್ಟು ಸೀದಾ ಗಟ್ಟಿ ಆಲ್ಕೋಹಾಲ್‌ಗೆ ಹಾಕಿದರೆ ಮೈ ಸುರುಟಿಕೊಂಡು ಉಂಗುರಗಳು ಒಂದರೊಳಗೊಂದು ಸೇರಿಹೋಗುತ್ತವೆ.

ಎಣಿಕೆ ತಪ್ಪುವುದು ಎರಡು ಕಡೆ. ಬಾಯಿಯ ಮೇಲೆ ಚಾಚಿದ ಪುಟ್ಟ ತುಟಿ ಲೆಕ್ಕಕ್ಕಿಲ್ಲ. ಬಾಯಿ ಇರುವ ಉಂಗುರವೇ ಒಂದನೆಯದು. ಅದರಲ್ಲಿ ಬಿರುಗೂದಲಿಲ್ಲ ಎಂದು ಬಿಟ್ಟರೆ ಮುಂದಿನ ಸಂಖ್ಯೆಗಳೆಲ್ಲ ಒಂದೊಂದು ಕಮ್ಮಿಯಾಗುತ್ತವೆ. ಇನ್ನು ಕೆಲವು ಉಂಗುರಗಳ ಮೇಲೆ ಸುಳ್ಳು ಗೆರೆಗಳಿದ್ದು, ಒಂದು ಎರಡಾಗಿ, ಮೂರಾಗಿ ಕಾಣುತ್ತದೆ. ಅಂಥ ಕಡೆ 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ಬಿರುಗೂದಲು ನೋಡಿ: ಅದರ ಸಾಲು ಒಂದು ಉಂಗುರಕ್ಕೆ ಒಂದೇ.

ತೊಟ್ಟಿಯ ಜಗಳ ಬಗೆಹರಿಯುವುದೂ ಈ ಕೂದಲಿನಿಂದಲೇ. ಯೂಡ್ರಿಲಸ್‌ಗೆ ಉಂಗುರಕ್ಕೆ ಎಂಟೇ ಕೂದಲು, ಜೋಡಿ ಜೋಡಿಯಾಗಿ. ಪೆರಿಯೋನಿಕ್ಸ್‌ನಲ್ಲಿ ಸುತ್ತಲೂ ಹತ್ತಾರು. ಪೆರಿಯೋನಿಕ್ಸ್‌ನ ಗಂಡು ರಂಧ್ರಗಳು, ಅಂದರೆ ವೀರ್ಯ ಹೊರಬರುವ ತೂತುಗಳು, 18ನೇ ಉಂಗುರದ ಅಡಿಯಲ್ಲಿ, ನಟ್ಟನಡುವಿನ ತಗ್ಗಿನಲ್ಲಿ ಒತ್ತಾಗಿವೆ. ಎರೆಗೊಬ್ಬರದ ಇನ್ನೊಂದು ಹುಳು ಐಸೀನಿಯಾ ಫೆಟಿಡಾದಲ್ಲಿ ಗೊಂದಲವೇ ಇಲ್ಲ: ಅದರ ಪಟ್ಟಿ 24–26ರ ಆಸುಪಾಸಿನಿಂದ 32ರ ತನಕ, ಬೆನ್ನ ಮೇಲೆ ಕುದುರೆ ಜೀನಿನಂತೆ ಕೂತಿರುತ್ತದೆ. ಉಳಿದೆರಡರಲ್ಲಿ ಪಟ್ಟಿ 13–14ರಲ್ಲೇ ಶುರು.

ಹೊಲದ ಮಣ್ಣಿನಲ್ಲಿ ಸಿಗುವ ಲ್ಯಾಂಪಿಟೊ ಮಾರಿಷಿ ಮತ್ತು ಮೆಟಾಫೈರ್ ಪೋಸ್ತುಮಾಗಳಿಗೆ ಇನ್ನಷ್ಟು ತಾಳ್ಮೆ ಬೇಕು. ಎರಡಕ್ಕೂ ಸುತ್ತಲೂ ಕೂದಲಿದೆ, ಗಂಡು ರಂಧ್ರ 18ರಲ್ಲೇ. ಆದರೆ ಲ್ಯಾಂಪಿಟೊದ ಪಟ್ಟಿ 14ರಿಂದ 17, ಪೋಸ್ತುಮಾದ್ದು 16ಕ್ಕೇ ಮುಗಿಯುತ್ತದೆ. ಪೋಸ್ತುಮಾದ 17 ಮತ್ತು 19ನೇ ಉಂಗುರಗಳ ಅಡಿಯಲ್ಲಿ ಜೋಡಿ ಗುಬುಟುಗಳೂ ಇರುತ್ತವೆ.

ಪಟ್ಟಿ 10ರಿಂದ 13ರಲ್ಲಿದ್ದರೆ ಡ್ರಾವಿಡಾ ಕುಲ ಎಂದು ಶಂಕಿಸಿ, ಕೊಯ್ದು ನೋಡಿ. ನರಹುರಿ ಹೊಟ್ಟೆಯ ಕಡೆ ಇರುವುದರಿಂದ ಬೆನ್ನಿನ ನಡುಗೆರೆಯ ಪಕ್ಕದಲ್ಲಿ ಮೇಲುಮೇಲೆ ಕತ್ತರಿ ಆಡಿಸಬೇಕು. ಆಹಾರ ಅರೆಯುವ ಗಟ್ಟಿ ಚೀಲ ಲ್ಯಾಂಪಿಟೊದಲ್ಲಿ ಒಂದೇ; ಡ್ರಾವಿಡಾದಲ್ಲಿ ಎರಡು ಅಥವಾ ಹೆಚ್ಚು, ಸಾಲಾಗಿ. ಮಾದರಿ ಉಳಿಸಿಕೊಳ್ಳುವುದಾದರೆ ಶೇ. 70–80ರ ಆಲ್ಕೋಹಾಲ್ ಸಾಕು. ಊರು, ದಿನಾಂಕದ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆದು ಶೀಶೆಯೊಳಗೆ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕದಡಿಹೋಗುತ್ತದೆ.