ಅಪ್ಪನ ಮೇಲೆ ಚಾಡಿ ಹೇಳಿದ ಹುಡುಗ

1948ರಲ್ಲಿ ಮಾಸ್ಕೋದ ಮಕ್ಕಳ ಪಾರ್ಕೊಂದರಲ್ಲಿ ಒಬ್ಬ ಹುಡುಗನ ಪ್ರತಿಮೆ ನಿಲ್ಲಿಸಿದರು. ಹೆಸರು ಪಾವ್ಲಿಕ್ ಮೊರೊಜೊವ್. ಅವನ ಸಾಧನೆ ಏನು ಗೊತ್ತಾ? ಹೆತ್ತ ಅಪ್ಪನನ್ನೇ ಸರ್ಕಾರಕ್ಕೆ ಹಿಡಿದುಕೊಟ್ಟಿದ್ದು.

ಉರಲ್ ಸೀಮೆಯ ಗೆರಾಸಿಮೊವ್ಕಾ ಅವನ ಹಳ್ಳಿ. ಅಪ್ಪ ಊರ ಸೋವಿಯತ್ತಿನ, ಅಂದರೆ ಹಳ್ಳಿ ಆಡಳಿತ ಮಂಡಳಿಯ, ಅಧ್ಯಕ್ಷ. ಗಡೀಪಾರಾದ ರೈತರಿಗೆ ಸುಳ್ಳು ಕಾಗದಪತ್ರ ಮಾರುತ್ತಿದ್ದ ಅಂತ ಮಗನೇ ದೂರು ಕೊಟ್ಟನಂತೆ. 1932ರ ಸೆಪ್ಟೆಂಬರಿನಲ್ಲಿ ಪಾವ್ಲಿಕ್ ಮತ್ತು ಅವನ ತಮ್ಮ ಇಬ್ಬರೂ ಕೊಲೆಯಾದರು. ಕೊಂದವರು ಮನೆಯವರೇ ಅಂತ ತೀರ್ಪೂ ಬಂತು. ಮುಂದೆ ಈ ಕಥೆಯನ್ನು ಕೆದಕಿದವರಿಗೆ ದೂರಿನ ಬಗ್ಗೆಯೇ ಅನುಮಾನ ಬಂದಿದೆ. ಎರಡು ಮಕ್ಕಳು ಸತ್ತಿದ್ದಂತೂ ನಿಜ. ಉಳಿದದ್ದಕ್ಕೆ ಎಷ್ಟು ಬಣ್ಣ ಬಳಿದರೋ!

ಆ ಬಣ್ಣಕ್ಕೆ ಕಾರಣ ಇತ್ತು. ರೈತರ ಜಮೀನನ್ನು ಬಲವಂತವಾಗಿ ಸಾಮೂಹಿಕ ಬೇಸಾಯಕ್ಕೆ ಸೇರಿಸುತ್ತಿದ್ದ ಕಾಲ ಅದು. ದೊಡ್ಡವರು ಬಾಯಿ ಬಿಡುತ್ತಿರಲಿಲ್ಲ. ಮನೆಯೊಳಗೆ ಒಂದು ಕಿವಿ ಬೇಕಿತ್ತು. ಹಾಗಾಗಿ ಪಾವ್ಲಿಕ್ ಪಾಠ, ಪದ್ಯ, ಪ್ರತಿಮೆ ಎಲ್ಲ ಆದ. 1935ರಲ್ಲಿ ಬಂದ ಆದೇಶವೊಂದು ಹನ್ನೆರಡು ವರ್ಷದ ಮಕ್ಕಳನ್ನೂ ದೊಡ್ಡವರಂತೆ ವಿಚಾರಣೆಗೆ ಒಳಪಡಿಸಲು ದಾರಿ ಮಾಡಿತು.

ಕನ್ನಡದಲ್ಲೂ ಅಗ್ಗಕ್ಕೆ ಸಿಗುತ್ತಿದ್ದ ಸೋವಿಯತ್ ಮಕ್ಕಳ ಪುಸ್ತಕಗಳನ್ನು ನವಕರ್ನಾಟಕದ ಮಳಿಗೆಯಲ್ಲಿ ಕೊಂಡವರಿಗೆ ಈ ಮುಖ ಅಷ್ಟಾಗಿ ಕಂಡಿರಲಿಕ್ಕಿಲ್ಲ. ಆ ಚಿತ್ರಗಳ ಅಂದಕ್ಕೆ ಈಗಲೂ ಮನಸ್ಸು ಸೋಲುತ್ತೆ, ಅದು ಬೇರೆ ಮಾತು.

1991ರಲ್ಲಿ ಪ್ರತಿಮೆ ಉರುಳಿತು. ಆಮೇಲೆ ಇದೇ ಕಥೆಯನ್ನು ತಿರುವಿ ಹಾಕಿದ ಕಾದಂಬರಿಗಳು ಬಂದವು. ಲೆನಿನ್‌ಗ್ರಾಡಿನಲ್ಲಿ ಹುಟ್ಟಿ ಅಮೆರಿಕ ಸೇರಿದ ಯೂಜೀನ್ ಯೆಲ್ಚಿನ್ 2011ರಲ್ಲಿ 'ಬ್ರೇಕಿಂಗ್ ಸ್ಟಾಲಿನ್ಸ್ ನೋಸ್' ಬರೆದರು. ಅದರಲ್ಲಿ ಹತ್ತು ವರ್ಷದ ಸಾಶಾಗೆ ಪಯೋನಿಯರ್ (ಕಮ್ಯುನಿಸ್ಟರ ಮಕ್ಕಳ ಸಂಘದ ಸದಸ್ಯ) ಆಗಿ ಕೆಂಪು ಸ್ಕಾರ್ಫ್ ಕಟ್ಟಿಕೊಳ್ಳೋ ಆಸೆ. ಹಿಂದಿನ ರಾತ್ರಿಯೇ ಅಪ್ಪನನ್ನು ಎಳೆದೊಯ್ಯುತ್ತಾರೆ. ಅಪ್ಪ ಯಾರು ಅಂತೀರಿ? ಗುಪ್ತ ಪೊಲೀಸರ ಕಡೆಯವನೇ.

ರೂಟಾ ಸೆಪೆಟಿಸ್ ಅವರ 'ಐ ಮಸ್ಟ್ ಬಿಟ್ರೇ ಯೂ' ಬಂದದ್ದು 2022ರಲ್ಲಿ. ಕಥೆ ನಡೆಯೋದು 1989ರಲ್ಲಿ, ರೊಮೇನಿಯಾದ ರಾಜಧಾನಿ ಬುಕಾರೆಸ್ಟಿನಲ್ಲಿ. ಸರ್ವಾಧಿಕಾರಿ ಚೌಶೆಸ್ಕು ಆಳ್ವಿಕೆಯ ಕೊನೆಯ ವರ್ಷ. ಬ್ರೆಡ್ಡಿಗೆ ಕ್ಯೂ, ಚಳಿಗಾಲದಲ್ಲೂ ಬಿಸಿ ಮಾಡದ ಮನೆಗಳು. ಟೈಪ್‌ರೈಟರ್ ಇದ್ದರೆ ಪೊಲೀಸರಲ್ಲಿ ನೋಂದಾಯಿಸಬೇಕಿತ್ತು. ಹದಿನೇಳರ ಕ್ರಿಸ್ಟಿಯಾನ್‌ನನ್ನು ಅಲ್ಲಿನ ಗುಪ್ತ ಪೊಲೀಸ್ ಪಡೆ ಸೆಕುರಿಟಾಟೆ ಹೆದರಿಸಿ ಚಾಡಿಕೋರನನ್ನಾಗಿ ಮಾಡುತ್ತೆ, ಬದಲಿಗೆ ಅಜ್ಜನಿಗೆ ಔಷಧಿ ಕೊಡಿಸೋ ಆಸೆ ತೋರಿಸುತ್ತೆ. ಪಾವ್ಲಿಕ್ ಕಥೆಯಲ್ಲಿ ಹೆಮ್ಮೆ ಇದ್ದ ಜಾಗದಲ್ಲೇ ಇಲ್ಲಿ ನಾಚಿಕೆ.

ಇಂಥ ಪುಸ್ತಕ ಇಷ್ಟು ತಡವಾಗಿ ಯಾಕೆ ಬಂತು? ಗುಪ್ತ ಪೊಲೀಸರ ಕಡತಗಳು ಮುಚ್ಚಿದ್ದವು. ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸಂಸ್ಥೆ ಸ್ಟಾಸಿಯ ಕಡತಗಳನ್ನು ಜನರಿಗೆ ತೆರೆದ ಕಾನೂನು 1991ರದು. ರೊಮೇನಿಯಾದಲ್ಲಿ ಅದಕ್ಕೆ 1999 ಆಗಬೇಕಾಯಿತು. ಹದಿಹರೆಯದವರನ್ನೂ ಬಳಸಿಕೊಂಡ ಪುರಾವೆ ಸಿಕ್ಕಿದ್ದು ಅಲ್ಲೇ.

ನನಗೊಂದು ತಕರಾರಿದೆ. ಈ ಎರಡೂ ಇಂಗ್ಲಿಷಿನಲ್ಲಿ, ಮೊದಲು ಅಮೆರಿಕದ ಮಕ್ಕಳಿಗೆ ಅಂತ ಬರೆದವು. ಹಾಗಾಗಿ ಕ್ಯೂ, ಚಳಿ, ಕತ್ತಲೆ ಎಲ್ಲವನ್ನೂ ಬಿಡಿಸಿ ಹೇಳ್ತಾ ಹೋಗುತ್ತಾರೆ. ಅಲ್ಲೇ ಬೆಳೆದವರು ಅದನ್ನೆಲ್ಲ ಸುಮ್ನೆ ದಾಟಿ, ಪಕ್ಕದ ಬೆಂಚಿನ ಗೆಳೆಯ ಯಾಕೆ ಇವತ್ತು ಜಾಸ್ತಿ ಪ್ರಶ್ನೆ ಕೇಳ್ತಿದ್ದಾನೆ ಅನ್ನೋದರಿಂದಲೇ ಶುರು ಮಾಡ್ತಿದ್ದರೇನೋ.