ಹಸಿರು ದೀಪ ಉರಿದರೆ ಪವರ್ ಸಪ್ಲೈ ಚೆನ್ನಾಗಿದೆ ಅಂತಲ್ಲ

ಸಕ್ಕರೆ ಕಾರ್ಖಾನೆಯ ಕೋಜನರೇಷನ್ (ಕಬ್ಬಿನ ಸಿಪ್ಪೆ ಉರಿಸಿ ಬಂದ ಸ್ಟೀಮಿನಿಂದ ಕರೆಂಟ್ ತಯಾರಿಸುವ) ಟರ್ಬೈನ್‌ನ ಕಂಟ್ರೋಲ್ ಪ್ಯಾನೆಲ್ ಬಾಗಿಲು ತೆಗೆದರೆ ಎರಡು 24 ವೋಲ್ಟ್ ಪವರ್ ಸಪ್ಲೈಗಳು ಪಕ್ಕಪಕ್ಕದಲ್ಲಿ ಕೂತಿರುತ್ತವೆ. ಎರಡರ ಮೇಲೂ ಹಸಿರು ದೀಪ. ಟರ್ಬೈನ್ ವೇಗ ನಿಯಂತ್ರಿಸುವ ಗವರ್ನರ್, ಪಿಎಲ್‌ಸಿ ಅನ್ನುವ ಕಂಟ್ರೋಲ್ ಕಂಪ್ಯೂಟರ್, ಅಪಾಯ ಕಂಡರೆ ಟರ್ಬೈನನ್ನು ತಕ್ಷಣ ನಿಲ್ಲಿಸುವ (ಟ್ರಿಪ್ ಮಾಡುವ) ಟ್ರಿಪ್ ರಿಲೇಗಳು, ಸ್ಟೀಮ್ ವಾಲ್ವ್ ಮುಚ್ಚಿಸುವ ಟ್ರಿಪ್ ಸೊಲೆನಾಯ್ಡ್, ವೈಬ್ರೇಷನ್ ಮಾನಿಟರ್ ಹೀಗೆ ಬಹುತೇಕ ಎಲ್ಲವೂ ಇವುಗಳ ಮೇಲೆಯೇ ನಡೆಯುತ್ತವೆ. ಹತ್ತಿಪ್ಪತ್ತು ಮೆಗಾವಾಟ್‌ನ ಟರ್ಬೈನ್ ಓಡಬೇಕೋ ನಿಲ್ಲಬೇಕೋ ಅನ್ನೋದು ಅಂಗೈ ಅಗಲದ ಈ ಡಬ್ಬಿಗಳ ಕೈಲಿದೆ. ಆದರೂ ಬಹಳ ಕಡೆ ಪ್ಯಾನೆಲ್ ಬಂದ ದಿನ ಕೂರಿಸಿದ್ದನ್ನು ಆಮೇಲೆ ಯಾರೂ ಮುಟ್ಟಿರುವುದಿಲ್ಲ.

ಉತ್ತರ ಕರ್ನಾಟಕದ ಒಂದು ಕಾರ್ಖಾನೆಯಿಂದ ಬಂದ ದೂರು ಹೀಗಿತ್ತು. ಟರ್ಬೈನ್ ದಿನವಿಡೀ ಚೆನ್ನಾಗಿ ಓಡುತ್ತದೆ. ಗ್ರಿಡ್‌ನಲ್ಲಿ ಸಣ್ಣ ಡಿಪ್ (ವೋಲ್ಟೇಜ್ ಕ್ಷಣಕಾಲ ಕುಸಿಯುವುದು) ಬಂದರೆ ಸಾಕು, ಟ್ರಿಪ್. ಅದೇ ಡಿಪ್‌ಗೆ ಹಿಂದಿನ ವರ್ಷಗಳಲ್ಲಿ ಏನೂ ಆಗುತ್ತಿರಲಿಲ್ಲ. ಗವರ್ನರ್ ಬದಲಿಸಬೇಕು ಅಂತ ಅಷ್ಟರಲ್ಲಿ ತೀರ್ಮಾನವೂ ಆಗಿತ್ತು. ಪವರ್ ಸಪ್ಲೈ ನೋಡಿದ್ದೀರಾ ಅಂತ ಕೇಳಿದೆ. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟು 24.1 ತೋರಿಸಿ, "ಎರಡೂ ಲೈಟ್ ಹತ್ಯಾವಲ್ರೀ ಸರ" ಅಂದ. ಅವನು ಹೇಳಿದ್ದು ನಿಜವೇ. ಆದರೆ ಆ ದೀಪ ಹೇಳುವುದು ಈಗ ವೋಲ್ಟೇಜ್ ಬರುತ್ತಿದೆ ಅಂತ ಮಾತ್ರ.

ಈ ಡಬ್ಬಿಯ ಒಳಗೆ ಆಗುವುದು ಇಷ್ಟು. 230 ವೋಲ್ಟ್ ಎಸಿಯನ್ನು ಮೊದಲು ಡಿಸಿ ಮಾಡುತ್ತದೆ. ಅದು ಸುಮಾರು 325 ವೋಲ್ಟ್, ಕೆಲವು ಮಾದರಿಗಳಲ್ಲಿ ಇನ್ನೂ ಜಾಸ್ತಿ. ಇದು ಒಂದು ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನಲ್ಲಿ ನಿಲ್ಲುತ್ತದೆ. ಆಮೇಲೆ ಅದನ್ನು ಅತಿ ವೇಗವಾಗಿ ಆನ್-ಆಫ್ ಮಾಡಿ, ಪುಟ್ಟ ಟ್ರಾನ್ಸ್‌ಫಾರ್ಮರ್ ದಾಟಿಸಿ, 24 ವೋಲ್ಟ್‌ಗೆ ಇಳಿಸುತ್ತದೆ. ಹೊರಗಿನ ಕರೆಂಟ್ ಕ್ಷಣ ಹೊತ್ತು ಹೋದರೆ ಆ ಕೆಪಾಸಿಟರ್‌ನಲ್ಲಿ ಉಳಿದದ್ದೇ ಗತಿ. ಹೊಸ ಸಪ್ಲೈ ಪೂರ್ತಿ ಲೋಡ್‌ನಲ್ಲೂ ಸಾಮಾನ್ಯವಾಗಿ 20 ಮಿಲಿಸೆಕೆಂಡ್‌ನಷ್ಟು ತಡೆಯುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಪೂರ್ತಿ ಸೈಕಲ್ ಅಂದರೆ ಇದೇ 20 ಮಿಲಿಸೆಕೆಂಡ್. ಕೆಪಾಸಿಟರ್ ಒಣಗಿದ ಮೇಲೆ ಈ ತಾಕತ್ತು ಕಡಿಮೆಯಾಗುತ್ತಾ ಹೋಗಿ ಕೊನೆಗೆ ಕೆಲವೇ ಮಿಲಿಸೆಕೆಂಡ್ ಉಳಿಯುತ್ತದೆ. ಕರೆಂಟ್ ಸರಿಯಾಗಿರುವಾಗ ಇದು ಗೊತ್ತೇ ಆಗುವುದಿಲ್ಲ. ಡಿಪ್ ಬಂದಾಗ 24 ವೋಲ್ಟ್ ಕ್ಷಣಕಾಲ ಕುಸಿಯುತ್ತದೆ, ಗವರ್ನರ್ ರೀಸೆಟ್ ಆಗುತ್ತದೆ, ಟ್ರಿಪ್ ರಿಲೇ ಬಿಡುತ್ತದೆ.

ಟ್ರಿಪ್ ಸೊಲೆನಾಯ್ಡ್‌ಗೆ ಸದಾ ಕರೆಂಟ್ ಇರಬೇಕು, ಹೋದರೆ ಟರ್ಬೈನ್ ನಿಲ್ಲಬೇಕು. ಸಾಮಾನ್ಯವಾಗಿ ಹಾಗೇ ವಿನ್ಯಾಸ ಮಾಡಿರುತ್ತಾರೆ, ಅದು ಸರಿಯೂ ಹೌದು. ಪದೇ ಪದೇ ಟ್ರಿಪ್ ಆಗುತ್ತದೆ ಅಂತ ಸೊಲೆನಾಯ್ಡ್‌ಗೆ ಬೇರೆ ಕಡೆಯಿಂದ ಕರೆಂಟ್ ಎಳೆದು "ಸರಿ" ಮಾಡಿದವರನ್ನು ನೋಡಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಕಂಟ್ರೋಲ್ ಸತ್ತ ಮೇಲೂ ಸ್ಟೀಮ್ ವಾಲ್ವ್ ತೆರೆದೇ ಇದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಕೆಪಾಸಿಟರ್ ಒಣಗುವುದು ಬಿಸಿಯಿಂದ. ಉಷ್ಣತೆ 10 ಡಿಗ್ರಿ ಏರಿದರೆ ಆಯಸ್ಸು ಅರ್ಧವಾಗುತ್ತದೆ ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಲೆಕ್ಕ. 105 ಡಿಗ್ರಿಯಲ್ಲಿ 5000 ಗಂಟೆ ಅಂತ ಬರೆದಿರುವ ಕೆಪಾಸಿಟರ್, 75 ಡಿಗ್ರಿಯಲ್ಲಿ 40,000 ಗಂಟೆ ಬಾಳುತ್ತದೆ. 65 ಡಿಗ್ರಿಯಲ್ಲಾದರೆ 80,000 ಗಂಟೆ. ಇದು ಕೆಪಾಸಿಟರ್‌ನ ಉಷ್ಣತೆ, ಕೋಣೆಯದ್ದಲ್ಲ. ಪ್ಯಾನೆಲ್ ಒಳಗೆ 45 ಇದ್ದರೆ ಡಬ್ಬಿಯೊಳಗೆ 65-70 ಇರುವುದು ಸಹಜ. ಫ್ಯಾನ್ ನಿಂತಿದ್ದರೆ, ಫಿಲ್ಟರ್‌ಗೆ ಬಗಾಸ್ (ಕಬ್ಬಿನ ಸಿಪ್ಪೆ) ದೂಳು ಮೆತ್ತಿಕೊಂಡಿದ್ದರೆ ಇನ್ನೂ ಜಾಸ್ತಿ. ಸಪ್ಲೈ ಮೇಲೆ ಕೆಳಗೆ ಗಾಳಿಯಾಡಲು ಬಿಟ್ಟ ಜಾಗದಲ್ಲಿ ಆಮೇಲೆ ಬಂದವರು ರಿಲೇಗಳನ್ನು ತುರುಕಿರುತ್ತಾರೆ. ಅದನ್ನೂ ಒಮ್ಮೆ ನೋಡಿ.

ಈ ಲೆಕ್ಕ ಸಕ್ಕರೆ ಕಾರ್ಖಾನೆಗೆ ಹೊಂದುವುದಿಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಕಬ್ಬು ಅರೆಯುವ ಹಂಗಾಮು 150 ದಿನ ಅಂತ ಇಟ್ಟುಕೊಂಡರೆ ವರ್ಷಕ್ಕೆ 3600 ಗಂಟೆ. 40,000 ಗಂಟೆ ಮುಗಿಯಲು 11 ಹಂಗಾಮು ಬೇಕು. ಕಾಗದದ ಮೇಲೆ ಸರಿ. ಆದರೆ ಉಳಿದ ಏಳು ತಿಂಗಳು ಪ್ಯಾನೆಲ್ ಹೇಗಿರುತ್ತದೆ? ಮೇನ್ ಆಫ್. ಏರ್ ಕಂಡಿಷನರ್ ಆಫ್. ಬೇಸಿಗೆಯ ಕಾವು, ಅದರ ಹಿಂದೆ ಮಳೆಗಾಲದ ತೇವ. ಬಗಾಸ್ ದೂಳು ತೇವ ಹೀರಿಕೊಂಡು ಬೋರ್ಡಿನ ಮೇಲೆ ಅಂಟಿ ಕೂರುತ್ತದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೆ ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳುವಾದ ಆಕ್ಸೈಡ್ ಪದರ ಇರುತ್ತದೆ. ವೋಲ್ಟೇಜ್ ಇಲ್ಲದೆ ಬಹಳ ಕಾಲ ಬಿದ್ದಿದ್ದರೆ ಅದು ನಿಧಾನವಾಗಿ ಬಲ ಕಳೆದುಕೊಳ್ಳುತ್ತದೆ. ಹಳೆಯ ಸಪ್ಲೈಗಳು ಅಕ್ಟೋಬರ್-ನವೆಂಬರ್‌ನಲ್ಲಿ, ಅಂದರೆ ಮೊದಲ ಸಲ ಸ್ವಿಚ್ ಹಾಕಿದ ವಾರದಲ್ಲಿ ಕೈಕೊಡುವುದನ್ನು ನಾನು ಜಾಸ್ತಿ ನೋಡಿರುವುದು ಇದಕ್ಕೇ ಇರಬೇಕು.

ಹಾಗಾಗಿ ಹಂಗಾಮು ಮುಗಿದ ಮೇಲೂ ಕಂಟ್ರೋಲ್ ಪ್ಯಾನೆಲ್‌ಗೆ ಕರೆಂಟ್ ಇರಲಿ ಅನ್ನುವುದು ನನ್ನ ಸಲಹೆ. ಸ್ಟೀಮ್ ಲೈನ್ ಐಸೊಲೇಟ್ ಮಾಡಿ, ಬೀಗ ಹಾಕಿ, ಟ್ಯಾಗ್ ಕಟ್ಟಿದ ಮೇಲೆ ಪ್ಯಾನೆಲ್ ಮಾತ್ರ ಆನ್ ಇದ್ದರೆ ತೊಂದರೆಯಿಲ್ಲ. ಕೆಲವು ನೂರು ವಾಟ್ ಖರ್ಚಾಗುತ್ತದೆ, ಅಷ್ಟೇ. ಒಳಗೆ ಸ್ವಲ್ಪ ಬೆಚ್ಚಗಿದ್ದರೆ ತೇವ ಕೂರುವುದಿಲ್ಲ. ಏಪ್ರಿಲ್-ಮೇ ಗುಡುಗು ಸಿಡಿಲಿಗೆ ಹೆದರಿ ಆಫ್ ಮಾಡುತ್ತೇವೆ ಅನ್ನುವವರ ಮಾತಲ್ಲೂ ಹುರುಳಿದೆ. ಅವರು ಸರ್ಜ್ ಅರೆಸ್ಟರ್ ಹಾಕಿಸಿಕೊಳ್ಳಲಿ. ಅದೂ ಬೇಡವೆಂದರೆ ಹದಿನೈದು ದಿನಕ್ಕೊಮ್ಮೆಯಾದರೂ ಇಡೀ ದಿನ ಆನ್ ಮಾಡಿ ಇಡಲಿ. ಪ್ಯಾನೆಲ್‌ನಲ್ಲಿ ಸ್ಪೇಸ್ ಹೀಟರ್ ಇದ್ದರೆ ಅದು ನಿಜವಾಗಿ ಬಿಸಿಯಾಗುತ್ತಿದೆಯೇ ಅಂತ ಕೈಯಿಟ್ಟು ನೋಡಿ. ಸುಮ್ನೆ ಸ್ವಿಚ್ ಆನ್ ಇದ್ದ ಮಾತ್ರಕ್ಕೆ ನಂಬಬೇಡಿ.

ಇನ್ನು ಎರಡು ಸಪ್ಲೈ ಇವೆ, ಒಂದು ಹೋದರೆ ಇನ್ನೊಂದಿದೆ ಅನ್ನುವ ಧೈರ್ಯದ ವಿಷಯ. ನೊಗಕ್ಕೆ ಎರಡು ಎತ್ತು ಕಟ್ಟಿದ್ದರೂ ಎಳೆಯುತ್ತಿರುವುದು ಒಂದೇ ಆಗಿರಬಹುದು. ಎರಡೂ ಸಪ್ಲೈಗಳು ಡಯೋಡ್ ಮಾಡ್ಯೂಲ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಮೂಲಕ ಒಂದೇ ಬಸ್‌ಗೆ, ಅಂದರೆ ಎಲ್ಲಕ್ಕೂ ಕರೆಂಟ್ ಹಂಚುವ ಲೈನ್‌ಗೆ ಸೇರುತ್ತವೆ. ಒಂದರ ವೋಲ್ಟೇಜ್ ಅರ್ಧ ವೋಲ್ಟ್ ಹೆಚ್ಚಿಗೆ ಇಟ್ಟಿದ್ದರೆ ಲೋಡ್ ಬಹುಪಾಲು ಅದರ ಮೇಲೆಯೇ ಬೀಳುತ್ತದೆ. ಅದು ಬಿಸಿಯಾಗಿ ಬೇಗ ಹಾಳಾಗುತ್ತದೆ. ಇನ್ನೊಂದು ವರ್ಷಗಟ್ಟಲೆ ಲೋಡ್ ಕಾಣದೆ ಕೂತಿರುತ್ತದೆ, ಭಾರ ಬಿದ್ದ ದಿನ ತಡೆಯುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಡಿಸಿ ಕ್ಲಾಂಪ್ ಮೀಟರ್‌ನಲ್ಲಿ ಎರಡರ ಕರೆಂಟ್ ಅಳೆದರೆ ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ವ್ಯತ್ಯಾಸ ಜಾಸ್ತಿ ಇದ್ದರೆ ಟ್ರಿಮ್ಮರ್ (ವೋಲ್ಟೇಜ್ ಹೊಂದಿಸುವ ಸ್ಕ್ರೂ) ತಿರುಗಿಸಿ ಎರಡನ್ನೂ ಹತ್ತಿರ ತನ್ನಿ.

ಡಯೋಡ್ ಕೂಡ ಹಾಳಾಗುತ್ತದೆ, ಮತ್ತು ಸದ್ದಿಲ್ಲದೆ ಹಾಳಾಗುತ್ತದೆ. ಶಾರ್ಟ್ ಆದ ಡಯೋಡ್ ದಿನನಿತ್ಯದ ಕೆಲಸಕ್ಕೆ ಏನೂ ಅಡ್ಡಿ ಮಾಡುವುದಿಲ್ಲ. ಆದರೆ ಆ ಕಡೆಯ ಸಪ್ಲೈ ಒಳಗೆ ಶಾರ್ಟ್ ಆದರೆ ಇಡೀ ಬಸ್ಸನ್ನು ಕೆಳಗೆ ಎಳೆಯುತ್ತದೆ. ಟರ್ಬೈನ್ ನಿಂತಿರುವಾಗ ಒಂದು ಸಪ್ಲೈನ ಇನ್‌ಪುಟ್ ಆಫ್ ಮಾಡಿ. ಸ್ವಲ್ಪ ಹೊತ್ತು ಬಿಟ್ಟು ಅದರದೇ ಔಟ್‌ಪುಟ್ ಟರ್ಮಿನಲ್‌ನಲ್ಲಿ ಅಳೆಯಿರಿ. ಅಲ್ಲಿ ಇನ್ನೂ 24 ವೋಲ್ಟ್ ಕಂಡರೆ ಬಸ್ ಕಡೆಯಿಂದ ಹಿಂದಕ್ಕೆ ಬರುತ್ತಿದೆ, ಡಯೋಡ್ ಹೋಗಿದೆ ಅಂತ ಅರ್ಥ. ಅನುಮಾನವಿದ್ದರೆ ಅದೇ ಟರ್ಮಿನಲ್‌ಗೆ ಒಂದು ಸಣ್ಣ ಬಲ್ಬ್ ಹಚ್ಚಿ. ಸೋರಿಕೆ ವೋಲ್ಟೇಜ್ ಆಗಿದ್ದರೆ ಬಿದ್ದುಹೋಗುತ್ತದೆ. ಇದೇ ಹೊತ್ತಿನಲ್ಲಿ ಕಂಟ್ರೋಲ್ ರೂಮಿನ ಪರದೆ ಮೇಲೆ ಸಪ್ಲೈ ಫೇಲ್ ಅಲಾರಂ ಬಂತೇ ಅಂತ ಕೇಳಿ. ಬಹಳ ಪ್ಯಾನೆಲ್‌ಗಳಲ್ಲಿ ಸಪ್ಲೈಗೆ ಡಿಸಿ ಓಕೆ ಕಾಂಟ್ಯಾಕ್ಟ್ (ಔಟ್‌ಪುಟ್ ಸರಿಯಿದೆಯೋ ಇಲ್ಲವೋ ಅಂತ ಸೂಚನೆ ಕೊಡುವ ಸ್ವಿಚ್) ಇರುತ್ತದೆ, ಅದಕ್ಕೆ ವೈರೇ ಹಾಕಿರುವುದಿಲ್ಲ! ಎರಡಕ್ಕೂ ಒಂದೇ ಎಂಸಿಬಿಯಿಂದ ಕರೆಂಟ್ ಕೊಟ್ಟಿರುವುದೂ ಮಾಮೂಲು. ಒಂದು ಯುಪಿಎಸ್‌ನಿಂದ, ಇನ್ನೊಂದು 110 ವೋಲ್ಟ್ ಬ್ಯಾಟರಿಯಿಂದ ಡಿಸಿ-ಡಿಸಿ ಕನ್ವರ್ಟರ್ ಮೂಲಕ ಬಂದರೆ ಮಾತ್ರ ಅದನ್ನು ಎರಡು ಅಂತ ಲೆಕ್ಕ ಹಿಡಿಯುತ್ತೇನೆ.

ಬ್ಯಾಟರಿ ಕಡೆ ಹೋದಾಗ ಎರಡು ತಂತಿಗಳನ್ನೂ ಅರ್ತ್‌ಗೆ ಅಳೆದುಬಿಡಿ. ಅರ್ತ್ ಮಾಡದ 110 ವೋಲ್ಟ್ ವ್ಯವಸ್ಥೆಯಲ್ಲಿ ಪ್ಲಸ್ 55, ಮೈನಸ್ 55 ಆಸುಪಾಸು ಇರಬೇಕು. ಒಂದು ಸೊನ್ನೆ, ಇನ್ನೊಂದು 110 ಇದ್ದರೆ ಎಲ್ಲೋ ಅರ್ತ್ ಆಗಿದೆ. ಮೊದಲು ಅದನ್ನು ಹುಡುಕಿ.

ಬದಲಿಸುವ ಕೆಲಸ ಸ್ಟೋರ್‌ನಿಂದ ಶುರುವಾಗುತ್ತದೆ. ಪೆಟ್ಟಿಗೆ ಒಡೆಯದ ಸಪ್ಲೈ ಹೊಸದು ಅಂತ ಅಂದುಕೊಳ್ಳಬೇಡಿ. ಲೇಬಲ್ ಮೇಲೆ ತಯಾರಾದ ವರ್ಷ ನೋಡಿ. ಎಂಟು ವರ್ಷ ಕಪಾಟಿನಲ್ಲಿದ್ದ ಡಬ್ಬಿಗೂ ಎಂಟು ವರ್ಷ ವಯಸ್ಸಾಗಿದೆ. ಇನ್‌ಪುಟ್ ಯಾವುದು ಅಂತಲೂ ನೋಡಿ. ವುಡ್‌ವರ್ಡ್ 505 ಗವರ್ನರ್‌ನ ಹಳೆಯ ಮಾದರಿಗಳಲ್ಲಿ 24 ವೋಲ್ಟ್ ಡಿಸಿಯದ್ದು ಬೇರೆ, 220 ವೋಲ್ಟ್ ಎಸಿಯದ್ದು ಬೇರೆ. ಎದುರಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಪಾರ್ಟ್ ನಂಬರ್ ಒಂದೇ ದಾರಿ.

ಪ್ಯಾನೆಲ್‌ಗೆ ಹಾಕುವ ಮುಂಚೆ ಸಪ್ಲೈಯನ್ನು ಮೇಜಿನ ಮೇಲೆ ಒಂದಿಡೀ ದಿನ ಓಡಿಸಿ. ಮೊದಲು ಕೆಲವು ಗಂಟೆ ಲೋಡ್ ಇಲ್ಲದೆ, ಆಮೇಲೆ ಲೋಡ್ ಹಾಕಿ. ಲೋಡ್‌ಗೆ ದುಬಾರಿ ಉಪಕರಣ ಬೇಡ. ಲಾರಿಯ 24 ವೋಲ್ಟ್, 70 ವಾಟ್ ಹೆಡ್‌ಲೈಟ್ ಬಲ್ಬ್ ಮೂರು ಸಾಕು, 9 ಆಂಪಿಯರ್ ಹತ್ತಿರ ಎಳೆಯುತ್ತವೆ. ತಣ್ಣಗಿರುವ ಬಲ್ಬ್ ಶುರುವಿನಲ್ಲಿ ಹೆಚ್ಚು ಕರೆಂಟ್ ಎಳೆಯುತ್ತದೆ, ಹಾಗಾಗಿ ಒಂದೊಂದಾಗಿ ಹಚ್ಚಿ. ವೋಲ್ಟೇಜನ್ನೂ ಇಲ್ಲೇ ಹೊಂದಿಸಿ. ಆಸಿಲೋಸ್ಕೋಪ್ ಇದ್ದರೆ ರಿಪಲ್ (ಡಿಸಿ ವೋಲ್ಟೇಜ್‌ನಲ್ಲಿ ಉಳಿದ ಸಣ್ಣ ಏರಿಳಿತ) ಅಳೆದು ಬರೆದಿಡಿ.

ಟರ್ಬೈನ್ ಓಡುತ್ತಿರುವಾಗ ಬದಲಿಸಬಹುದಾ? ಇನ್ನೊಂದು ಸಪ್ಲೈ ಒಂಟಿಯಾಗಿ ಪೂರ್ತಿ ಲೋಡ್ ಹೊರುತ್ತದೆ, ಡಯೋಡ್‌ಗಳು ಚೆನ್ನಾಗಿವೆ ಅಂತ ಈ ಹಂಗಾಮಿನಲ್ಲೇ ಪರೀಕ್ಷೆ ಮಾಡಿದ್ದರೆ ಮಾತ್ರ. ಇಲ್ಲದಿದ್ದರೆ ಮುಂದಿನ ಕ್ಲೀನಿಂಗ್ ಶಟ್‌ಡೌನ್‌ವರೆಗೆ ಕಾಯಿರಿ. ಟರ್ಬೈನ್ ಟ್ರಿಪ್ ಆದರೆ ಬಾಯ್ಲರ್ ಸೇಫ್ಟಿ ವಾಲ್ವ್ ಬಿಡುತ್ತದೆ, ಮಿಲ್ ನಿಲ್ಲುತ್ತದೆ, ಯಾರ್ಡ್‌ನಲ್ಲಿ ಕಬ್ಬು ಒಣಗುತ್ತದೆ. ಹಗಲು ಹೊತ್ತು, ಪರ್ಮಿಟ್ ತೆಗೆದುಕೊಂಡು, ಕಂಟ್ರೋಲ್ ರೂಮ್‌ಗೆ ಹೇಳಿ ಮಾಡಿ. ಇನ್‌ಪುಟ್ ಎಂಸಿಬಿ ಇಳಿಸಿದ ಮೇಲೆ ಐದು ನಿಮಿಷ ಕಾಯಿರಿ. ಇಳಿಸಿದ ಕೂಡಲೇ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಆಸುಪಾಸು ಉಳಿದಿರಬಹುದು. ಬಿಚ್ಚಿದ ಪ್ಲಸ್ ತಂತಿಯ ತುದಿಗೆ ತಕ್ಷಣ ಟೇಪ್ ಸುತ್ತಿ.

ದೊಡ್ಡ ಗ್ಯಾಸ್ ಟರ್ಬೈನ್‌ಗಳ ಕಥೆ ಸ್ವಲ್ಪ ಬೇರೆ. ಜಿಇ ಕಂಪನಿಯ ಮಾರ್ಕ್ ಫೈವ್, ಮಾರ್ಕ್ ಸಿಕ್ಸ್ ಕಂಟ್ರೋಲ್ ವ್ಯವಸ್ಥೆಗಳಲ್ಲಿ ಆರ್, ಎಸ್, ಟಿ ಅಂತ ಮೂರು ಪ್ರೊಸೆಸರ್ ಇಡುವ ಏರ್ಪಾಡಿದೆ. ಪ್ರತಿಯೊಂದಕ್ಕೂ ಅದರದೇ ಪವರ್ ಸಪ್ಲೈ. ಮೂರರಲ್ಲಿ ಎರಡು ಒಪ್ಪಿದ ಮಾತು ನಡೆಯುತ್ತದೆ, ಹಾಗಾಗಿ ಓಡುತ್ತಿರುವಾಗಲೇ ಒಂದನ್ನು ಬದಲಿಸಲು ಆಗುತ್ತದೆ. ಆದರೆ ಆರ್ ಕೆಟ್ಟಿರುವಾಗ ಕೈತಪ್ಪಿ ಎಸ್ ಆಫ್ ಮಾಡಿದರೆ ಟರ್ಬೈನ್ ನಿಂತಿತು ಅಂತಲೇ. ಅಲ್ಲಿ ಇಬ್ಬರು ಇರಬೇಕು: ಒಬ್ಬರು ಓದಿ ಹೇಳಬೇಕು, ಇನ್ನೊಬ್ಬರು ಮುಟ್ಟಬೇಕು. ಹಳೆಯ ಕಾರ್ಡಿನ ಜಂಪರ್‌ಗಳನ್ನು (ಸೆಟ್ಟಿಂಗ್‌ಗಾಗಿ ಹಾಕುವ ಪುಟ್ಟ ಕೊಂಡಿಗಳು) ಫೋಟೋ ತೆಗೆದು ಹೊಸದಕ್ಕೆ ಹಾಗೇ ಹಾಕಬೇಕು. ಈ ಹಳೆಯ ಕಾರ್ಡುಗಳು ಈಗ ಹೆಚ್ಚಾಗಿ ರಿಪೇರಿ ಮಾಡಿದವೇ ಸಿಗುತ್ತವೆ. ಮಾರುವವರನ್ನು ಕೆಪಾಸಿಟರ್ ಬದಲಿಸಿದ್ದೀರಾ, ಯಾವ ವರ್ಷದ್ದು ಹಾಕಿದ್ದೀರಿ ಅಂತ ಕೇಳಿ. ಉತ್ತರ ಬರದಿದ್ದರೆ ಬೇರೆ ಕಡೆ ನೋಡಿ.

ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ಎಸಿ ಇರುವ ತಣ್ಣನೆಯ ಕೋಣೆಯಾದರೆ ಹತ್ತು, ಟರ್ಬೈನ್ ಪಕ್ಕದ ಲೋಕಲ್ ಪ್ಯಾನೆಲ್ ಆದರೆ ಆರೇಳು ಅಂತ ನಾನು ಶುರು ಮಾಡುತ್ತೇನೆ. ಎರಡನ್ನೂ ಒಂದೇ ವರ್ಷ ಬದಲಿಸಬೇಡಿ, ಒಂದೇ ಬ್ಯಾಚಿನವು ಒಟ್ಟಿಗೆ ಹೋಗುವ ಸಂಭವ ಇರುತ್ತದೆ. ಬಿಚ್ಚಿದ ಸಪ್ಲೈಯನ್ನು ಗುಜರಿಗೆ ಹಾಕುವ ಮುಂಚೆ ಅದೇ ಮೂರು ಬಲ್ಬಿಗೆ ಹಚ್ಚಿ ರಿಪಲ್ ಅಳೆಯಿರಿ. ಆಮೇಲೆ ಡಬ್ಬಿ ತೆರೆದು ಕೆಪಾಸಿಟರ್ ತಲೆ ಉಬ್ಬಿದೆಯಾ, ಬುಡದಲ್ಲಿ ಕಂದು ಕಲೆ ಇದೆಯಾ ನೋಡಿ. ಇನ್ನೂ ಗಟ್ಟಿಯಾಗಿದ್ದರೆ ಮುಂದಿನ ಸಲ ಒಂದು ವರ್ಷ ತಡಮಾಡಬಹುದು. ಉಬ್ಬಿದ್ದರೆ ಪಕ್ಕದ ಪ್ಯಾನೆಲ್‌ನಲ್ಲಿರುವ ಅದೇ ವಯಸ್ಸಿನದನ್ನು ಈ ಹಂಗಾಮಿಗೆ ಮುಂಚೆಯೇ ಬದಲಿಸಿ.